ರೋಜ್ ಬಾಯಿ ಹಚ್ಚಿದ ಮೇಣದಬತ್ತಿ

ಲಂಡನ್ನಿನ ಹೌನ್ಸ್ಲೋದ ರೋಜ್ ಬಾಯಿಗೆ ಮುಂಗೋಪ ಹುಟ್ಟಿನಿಂದಲೇ ಬಂದದ್ದು. ಏರ್‌ಪೋರ್ಟಿನ ಅಡುಗೆಮನೆಯಲ್ಲಿ ವಿಮಾನದ ಊಟ ಕಟ್ಟುತ್ತಲೇ ತಲೆ ನರೆಯಿತು, ಕೋಪ ಮಾತ್ರ ನರೆಯಲಿಲ್ಲ. ಈ ಕೋಪ ಇಲ್ಲದಿದ್ದರೆ ಅವರ ಅಪ್ಪನಿಗೆ ಮೇಣದಬತ್ತಿ ಸಿಗುತ್ತಿರಲಿಲ್ಲ ಎಂದು ಈಗ ಗಂಡ ಸ್ಟೀವನ್ ಅವರೇ ಒಪ್ಪುತ್ತಾರೆ.

ಅಪ್ಪ ಕ್ಯಾಜಿಟನ್ ಕರಾವಳಿಯ ಶಿರ್ವದಿಂದ ಕಂಪಾಲಾಕ್ಕೆ ಹೋಗಿ ಟೈಲರ್ ಅಂಗಡಿ ಇಟ್ಟವರು. ಉಗಾಂಡವನ್ನು ಸರ್ವಾಧಿಕಾರಿ ಆಳುತ್ತಿದ್ದ ಕಾಲ. ಒಂದು ಬೆಳಿಗ್ಗೆ ಸೈನಿಕರು ಬಂದು ಅವರನ್ನು ಕರೆದುಕೊಂಡು ಹೋದರು. ಹೋದವರು ಹೋದರು, ಹೆಣವೂ ಸಿಗಲಿಲ್ಲ. ಅಮ್ಮ ಪುಟ್ಟ ರೋಜಳ ಕೈ ಹಿಡಿದು ಲಂಡನ್ನಿಗೆ ಬಂದಳು.

ಕರಾವಳಿಯ ಕ್ರೈಸ್ತರಿಗೆ ನವೆಂಬರ್ ಎರಡು ಸತ್ತವರನ್ನು ನೆನೆಯುವ ದಿನ. ಸಮಾಧಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚಬೇಕು. ಸಮಾಧಿಯೇ ಇಲ್ಲದಿದ್ದರೆ? ಅಮ್ಮ ಒಂದು ಉಪಾಯ ಮಾಡಿದಳು. ಹತ್ತಿರದ ಸ್ಮಶಾನದಲ್ಲಿ ಯಾರೂ ಬಾರದೆ ಪಾಚಿಗಟ್ಟಿದ ಸಮಾಧಿಯೊಂದಿತ್ತು, ಹೆರಾಲ್ಡ್ ಎಂಬ ಯಾರೋ ಇಂಗ್ಲಿಷಿನವನದ್ದು. ಅದನ್ನೇ ತೊಳೆದು ಅಪ್ಪನ ಹೆಸರಲ್ಲಿ ಮೇಣದಬತ್ತಿ ಹಚ್ಚಿದಳು. ಅಮ್ಮ ತೀರಿಕೊಂಡ ಮೇಲೆ ರೋಜ್ ಬಾಯಿಯೂ ಹಾಗೇ ಮಾಡುತ್ತ ಬಂದರು. ಆದರೆ ಅಪ್ಪ ಸತ್ತ ಮೇಲೂ ಬಾಡಿಗೆ ಮನೆಯಲ್ಲೇ ಇದ್ದಾರಲ್ಲ ಎಂಬ ಸಂಕಟ ಪ್ರತಿವರ್ಷ ಚುಚ್ಚುತ್ತಿತ್ತು.

ಕೊನೆಗೂ ಲಂಡನ್ನಿನದೇ ಗ್ರೀನ್‌ಫರ್ಡಿನಲ್ಲಿ, ಆ ಸರ್ವಾಧಿಕಾರಿಗೆ ಬಲಿಯಾದವರ ನೆನಪಿಗೆ ಒಂದು ಪಾರ್ಕ್ ಆಯಿತು. ಅಲ್ಲಿಯ ಕಲ್ಲಿನ ಮೇಲೆ ಅಪ್ಪನ ಹೆಸರೂ ಬಂತು. ಈ ಸಲ ಅಲ್ಲೇ ಹಚ್ಚುತ್ತೇನೆ ಎಂದು ಹೊರಟರೆ ಅಲ್ಲಿಯ ನಗರಸಭೆ, ಅಂದರೆ ಕೌನ್ಸಿಲ್, ಅಡ್ಡ ಬಂತು. ಪಾರ್ಕಿನಲ್ಲಿ ಬೆಂಕಿ ಹಚ್ಚುವಂತಿಲ್ಲ. ಹಾಗೆಂದು ಹೇಳಿದವನು ಪಾರ್ಕುಗಳನ್ನು ನೋಡಿಕೊಳ್ಳುವ ಅಧಿಕಾರಿ, ಬೆಂಗಳೂರಿನ ಚಂದ್ರಶೇಖರ್.

“ಆಂಟಿ, ಬ್ಯಾಟರಿ ಕ್ಯಾಂಡಲ್ ಇಡಿ, ಯಾರೂ ಬೇಡ ಅನ್ನಲ್ಲ.”

“ನನ್ನ ಅಪ್ಪ ಎಂತ ಟಾರ್ಚಾ ಮಾರಾಯ, ಬ್ಯಾಟರಿ ಹಾಕ್ಲಿಕ್ಕೆ?”

“ಹೊಸ ಕಲ್ಲು ಆಂಟಿ. ಮೇಣ ಬಿದ್ರೆ ನನ್ನನ್ನೇ ಕೇಳ್ತಾರೆ.”

ರೋಜ್ ಬಾಯಿ ಬಸ್ಸು ಹತ್ತಿದರು. ಕಲ್ಲಿನ ಮೇಲೆ ಹೆಸರಿದ್ದವರ ಕುಟುಂಬಗಳನ್ನು ಹುಡುಕಿ ಮನೆಮನೆಯ ಬಾಗಿಲು ತಟ್ಟಿದರು. ಸ್ಟ್ಯಾನ್ಮೋರಿನ ಗುಜರಾತಿ ಅಜ್ಜಿಗೆ ಗಂಡನ ಹೆಸರಲ್ಲಿ ತುಪ್ಪದ ದೀಪ ಹಚ್ಚುವ ಆಸೆ, ಉಗಾಂಡದ ಒಬ್ಬ ಹೆಂಗಸಿಗೆ ಅಣ್ಣನ ಹೆಸರಲ್ಲಿ ಮೇಣದಬತ್ತಿ ಹಚ್ಚುವ ಆಸೆ. ಕೌನ್ಸಿಲ್ ಸಭೆಯ ದಿನ ಎಲ್ಲರೂ ಹಚ್ಚದ ದೀಪ, ಹಚ್ಚದ ಮೇಣದಬತ್ತಿ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತರು.

ರೋಜ್ ಬಾಯಿ ಎದ್ದು ನಿಂತರು. ಮಾತು ಇಂಗ್ಲಿಷಿನದ್ದು, ಗತ್ತು ಮಾತ್ರ ಶಿರ್ವದ್ದು. “ನಮಗೆ ಹೂಳಲಿಕ್ಕೂ ಸುಡಲಿಕ್ಕೂ ಹೆಣ ಸಿಗಲಿಲ್ಲ. ಒಂದು ಬೆಳಕೂ ಬೇಡವೆಂದರೆ ಹೇಗೆ? ಮರಳು ತುಂಬಿದ ತೊಟ್ಟಿ ನಾವೇ ತರುತ್ತೇವೆ. ಕಲ್ಲಿಗೆ ಮೇಣ ಬಿದ್ದರೆ ನಾನೇ ಕೆರೆದು ತೆಗೆಯುತ್ತೇನೆ.”

ವರ್ಷಕ್ಕೊಂದು ದಿನ, ರೋಜ್ ಬಾಯಿ ಕೇಳಿದ ದಿನವೇ, ಹಚ್ಚಬಹುದು ಎಂದಾಯಿತು.

ನವೆಂಬರ್ ಎರಡರ ಬೆಳಿಗ್ಗೆ ಪಾರ್ಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರಳಿನ ತೊಟ್ಟಿ ಹೊತ್ತು ತಂದವನು ಚಂದ್ರಶೇಖರನೇ. ಗಾಳಿಗೆ ರೋಜ್ ಬಾಯಿಯ ಮೇಣದಬತ್ತಿ ಆರಿದಾಗ ಗುಜರಾತಿ ಅಜ್ಜಿ ತನ್ನ ದೀಪವನ್ನು ಮುಂದೆ ಹಿಡಿದಳು. ಅಪ್ಪನ ಹೆಸರಿನ ಕೆಳಗೇ ಅಪ್ಪನ ಬತ್ತಿ ಉರಿಯಿತು. ಗೆದ್ದ ಸಂತೋಷಕ್ಕೆ ರೋಜ್ ಬಾಯಿ ಅತ್ತರು, ಅಳುತ್ತಲೇ ನಕ್ಕರು.

“ಇನ್ನು ಮನೆಗೆ ಹೋಗುವ” ಎಂದರು ಸ್ಟೀವನ್.

“ಇರಿ ಮಾರಾಯ್ರೆ, ಹೆರಾಲ್ಡ್ ಕಾಯ್ತಾ ಇರ್ತಾನೆ.”

ಹೌನ್ಸ್ಲೋದ ಸ್ಮಶಾನಕ್ಕೆ ಹೋಗಿ, ಎಂದಿನಂತೆ ಪಾಚಿ ಉಜ್ಜಿ ತೊಳೆದು, ಇನ್ನೊಂದು ಮೇಣದಬತ್ತಿ ಹಚ್ಚಿದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅದು ಹೆರಾಲ್ಡನ ಹೆಸರಲ್ಲೇ ಉರಿಯಿತು.