ಗುಲಾಲು ಕುಡಿದ ಕಾರು

೨೦೦೧ರಲ್ಲಿ ನಾನು ಇಳಕಲ್ಲಿನ ಹೊರಗೆ, ಹುನಗುಂದಕ್ಕೆ ಹೋಗುವ ರಸ್ತೆಯ ಮೇಲೆ ಸ್ವಂತ ವರ್ಕ್‌ಶಾಪ್ ನಡೆಸುತ್ತಿದ್ದೆ. ಗ್ರಾನೈಟ್ ಕ್ವಾರಿಗಳ ಕಂಪ್ರೆಸರ್, ಕ್ರೇನ್, ಲಾರಿ ರಿಪೇರಿಯೇ ನನ್ನ ಅನ್ನ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವರು. ನಾನು ಮೀಸೆ ಮೂಡುವ ವಯಸ್ಸಿನಲ್ಲೇ ಆ ಕುಣಿಯಿಂದ ಎದ್ದು ಗ್ಯಾರೇಜಿನ ಕುಣಿಗೆ ಇಳಿದೆ. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಯಂತ್ರ ಬಿಚ್ಚಿ ನೋಡುವುದನ್ನು ಕಲಿತೆ, ಅದರ ಜೊತೆಗೇ ಚೌಕಾಸಿ ಕಲಿತೆ. ಎದುರಿನವನು ಹೇಳಿದ ಮೊದಲ ಮಾತಿಗೆ ನಾನು ಯಾವ ವ್ಯವಹಾರವನ್ನೂ ಮುಗಿಸಿದವನಲ್ಲ. ಹೊಸದಾಗಿ ಅಂಗಡಿ ಹಾಕುವವರಿಗೆ ಈಗಲೂ ಹೇಳುತ್ತೇನೆ: ನೀವು ಬಾಯಿ ಬಿಡಬೇಡಿ, ಮೊದಲು ಅವನು ಬಿಡಲಿ. ಆದರೆ ಈ ಶಾಸ್ತ್ರ ನಡೆಯದ ಜಾಗವೊಂದಿದೆ ಎಂಬುದು ಆ ವರ್ಷದ ಚಳಿಗಾಲದಲ್ಲಿ, ಬಾಗಲಕೋಟೆಯ ನವನಗರದಲ್ಲಿ ನನಗೆ ಗೊತ್ತಾಯಿತು.

ನಮ್ಮ ಗಿರಾಕಿಗಳಲ್ಲಿ ಶೇಖರಗೌಡರು ದೊಡ್ಡ ಗ್ರಾನೈಟ್ ವ್ಯಾಪಾರಿ. ಒಂದು ದಿನ ತಮಿಳುನಾಡಿಗೆ ಕಲ್ಲು ಹೊತ್ತು ಹೋಗಿದ್ದ ಅವರ ಲಾರಿ ವಾಪಸು ಬರುವಾಗ ಒಂದು ರೇಸ್ ಕಾರಿನ ಅಸ್ಥಿಪಂಜರವನ್ನು ಹೊತ್ತು ತಂದಿತು. ಒಬ್ಬನೇ ಕೂರುವ, ನೆತ್ತಿ ಬಯಲಾದ, ನಾಲ್ಕೂ ಗಾಲಿ ಮೈಯಿಂದ ಆಚೆ ಚಾಚಿದ ಕಾರು. ಇದಕ್ಕೆ ಸಿಂಗಲ್ ಸೀಟರ್ ಎನ್ನುತ್ತಾರೆ. ನವನಗರದಲ್ಲಿ ಸ್ಪ್ರಿಂಟ್ ನಡೆಯುವುದಿತ್ತು. ಸ್ಪ್ರಿಂಟ್‌ನಲ್ಲಿ ಕಾರುಗಳು ಒಟ್ಟಿಗೆ ಓಡುವುದಿಲ್ಲ. ಒಂದೊಂದೇ ಓಡುತ್ತದೆ, ಗಡಿಯಾರವೇ ಎದುರಾಳಿ. ಪ್ರತಿ ಕಾರಿಗೆ ಎರಡು ಪಾಳಿ, ಅದರಲ್ಲಿ ಕಡಿಮೆ ಹೊತ್ತು ತಗೊಂಡದ್ದು ಲೆಕ್ಕಕ್ಕೆ. ಹಿನ್ನೀರಿಗೆ ಸಿಕ್ಕ ಹಳೇ ಬಾಗಲಕೋಟೆಯ ಜನರಿಗಾಗಿ ನವನಗರವನ್ನು ಆಗಿನ್ನೂ ಕಟ್ಟುತ್ತಿದ್ದರು. ಎಷ್ಟೋ ಸೆಕ್ಟರ್‌ಗಳಲ್ಲಿ ರಸ್ತೆ ಬಂದಿತ್ತು, ಮನೆ ಬಂದಿರಲಿಲ್ಲ. ಬಾಣ ಬಿಟ್ಟ ಹಾಗೆ ನೇರವಾದ ಖಾಲಿ ಡಾಂಬರು ರಸ್ತೆ ಬೇರೆಲ್ಲಿ ಸಿಕ್ಕೀತು?

"ನಾನ ಹೊಡಿತೇನಿ," ಎಂದರು ಗೌಡರು.

"ಗೌಡ್ರ, ಸೀಟ ಹದಿನಾಲ್ಕ ಇಂಚ ಐತಿ. ನಿಮ್ಮ ಸೊಂಟ ಅಳಿಯೂವಷ್ಟ ಧೈರ್ಯ ನನಗಿಲ್ಲ."

ಅವರು ನಕ್ಕರು. ನಗುವ ಗಿರಾಕಿಯಿಂದ ಷರತ್ತು ಒಪ್ಪಿಸುವುದು ಸುಲಭ. ಡ್ರೈವರ್ ನಾನು ಹೇಳಿದವನೇ ಆಗಬೇಕೆಂದು ಒಪ್ಪಿಸಿದೆ. ಹುನಗುಂದದ ಲಾಲಸಾಬ ಡೀಸೆಲ್ ಟ್ಯಾಂಕರ್ ಓಡಿಸುತ್ತಿದ್ದ. ಸಣ್ಣ ಮೈ, ಉದ್ದ ಕೈ, ಎಂಥ ತಿರುವಿನಲ್ಲೂ ಗಾಬರಿ ಬೀಳದ ಮನುಷ್ಯ. ಮೂರು ಹೆಣ್ಣುಮಕ್ಕಳ ತಂದೆ. ಅವನ ಬಲಗಾಲು ಆಕ್ಸಿಲರೇಟರ್ ಮೇಲೆ ಇರುವತನಕ ಆ ಮನೆಯ ಒಲೆ ಉರಿಯುತ್ತಿತ್ತು.

ಮುಂದಿನ ಮೂರು ತಿಂಗಳು ಆ ಕಾರು ನಮ್ಮನ್ನು ಹಿಂಡಿತು. ಹಿಂದಿನ ಮಾಲೀಕರು ಅದನ್ನು ಎಲ್ಲೋ ಗುದ್ದಿಸಿ ಮಾರಿದ್ದರು. ಬಾಗಿದ ಮುಂಭಾಗವನ್ನು ಕೊಯ್ದು ಹೊಸ ಪೈಪು ವೆಲ್ಡ್ ಮಾಡಿದೆ. ಎಂಜಿನ್ ಮಾತ್ರ ಪೇಟೆಯಲ್ಲಿ ಓಡುವ ಸಣ್ಣ ಕಾರಿನದೇ, ಎಂಟುನೂರು ಸಿಸಿ. ಆದರೆ ಇಡೀ ಕಾರಿನ ತೂಕ ಒಂದು ಒಳ್ಳೆಯ ಎತ್ತಿನಷ್ಟು. ಎಂಜಿನ್ನಿನ ನೆತ್ತಿಯಾದ ಹೆಡ್ ಕೆತ್ತಿ ಕಂಪ್ರೆಷನ್ ಏರಿಸಿದೆ, ಎಂದರೆ ಸಿಲಿಂಡರಿನೊಳಗಿನ ಸಿಡಿತ ಇನ್ನೂ ಜೋರಾಗುವಂತೆ ಮಾಡಿದೆ. ಅದು ನಮಗೇ ತಿರುಗಿಬಿತ್ತು. ಸ್ಟ್ಯಾಂಡಿನ ಮೇಲೆ ಕೂರಿಸಿ ಪೂರ್ತಿ ವೇಗಕ್ಕೆ ಎಬ್ಬಿಸಿದಾಗ ಒಳಗಿನ ಕನೆಕ್ಟಿಂಗ್ ರಾಡ್ ತುಂಡಾಗಿ, ಬ್ಲಾಕ್ ಒಡೆದುಕೊಂಡು ಹೊರಗೆ ಬಂತು. ಮುಷ್ಟಿಯಷ್ಟು ಲೋಹದ ಚೂರು ನನ್ನ ಕಿವಿಯ ಪಕ್ಕದಲ್ಲೇ ಹಾದು ಶೆಡ್ಡಿನ ತಗಡನ್ನು ಸೀಳಿಕೊಂಡು ಹೋಯಿತು. ಕುದಿಯುವ ಎಣ್ಣೆ ಎಡತೋಳಿನ ಚರ್ಮವನ್ನು ಸುಲಿಯಿತು.

ಲಾಲಸಾಬ ನೆಲದ ಮೇಲೆ ಬೋರಲಾಗಿ ಬಿದ್ದುಕೊಂಡೇ ಕೂಗಿದ: "ಈರಣ್ಣಾ, ನೀ ಎಂಜಿನ್ ಕಟ್ಟಾಕತ್ತಿಯೋ, ಕ್ವಾರಿಗಿ ಮದ್ದ ತುಂಬಾಕತ್ತಿಯೋ?"

ಎರಡನೇ ಎಂಜಿನ್ನಿಗೆ ಒಳಗಿನ ಭಾಗಗಳನ್ನೆಲ್ಲ ಒಂದೇ ತೂಕಕ್ಕೆ ತಂದು ಕಟ್ಟಿದೆ, ತಾಳಿಕೊಂಡಿತು. ಇಲ್ಲಿ ಒಂದು ಭಾಗದ ಬಗ್ಗೆ ಓದುಗರಿಗೆ ಹೇಳಲೇಬೇಕು. ಎಂಜಿನ್ನಿಗೆ ಗಾಳಿ ಪೆಟ್ರೋಲು ಬೆರೆಸಿ ಕೊಡುವುದು ಕಾರ್ಬ್ಯುರೇಟರ್. ಅದರ ಗಂಟಲಲ್ಲಿ ಒಂದು ದುಂಡು ತಗಡಿನ ಮುಚ್ಚಳ ಇರುತ್ತದೆ. ಆಕ್ಸಿಲರೇಟರ್ ಒತ್ತಿದರೆ ತೆರೆಯುತ್ತದೆ, ಕಾಲು ತೆಗೆದರೆ ಸ್ಪ್ರಿಂಗ್ ಎಳೆದು ಮುಚ್ಚುತ್ತದೆ. ರಸ್ತೆಯ ಕಾರಿನಲ್ಲಿ ಇದರ ಮೇಲೆ ಏರ್ ಫಿಲ್ಟರ್ ಕೂರುತ್ತದೆ. ರೇಸಿನಲ್ಲಿ ಉಸಿರು ಕಟ್ಟಬಾರದೆಂದು ಫಿಲ್ಟರ್ ತೆಗೆದು ಬರೀ ತಂತಿಜಾಳಿಗೆ ಹಾಕುತ್ತೇವೆ. ಕಲ್ಲು ಕಡ್ಡಿಯನ್ನು ಜಾಳಿಗೆ ತಡೆಯುತ್ತದೆ, ಹಿಟ್ಟಿನಂಥದನ್ನು ತಡೆಯುವುದಿಲ್ಲ.

ರೇಸಿನ ದಿನ ರಸ್ತೆಯ ಎರಡೂ ಬದಿಗೆ ಜನ ಮುರಿದುಕೊಂಡು ಬಿದ್ದಿದ್ದರು. ನನ್ನ ಹೆಂಡತಿಯ ತಮ್ಮ ಮಲ್ಲಪ್ಪ ಚೊಳಚಗುಡ್ಡದಿಂದ ಟ್ರ್ಯಾಕ್ಟರ್ ತುಂಬ ಮಂದಿ ಕರೆತಂದಿದ್ದ. ಗರಡಿಯ ಮೈ, ಎತ್ತಿನ ಬಂಡಿ ಓಟದ ಹುಚ್ಚು. ಸಂಘಟಕರು ಕಟ್ಟಿದ ಹಗ್ಗ ಅರ್ಧ ಗಂಟೆಯಲ್ಲೇ ಜನರ ಕಾಲ ಕೆಳಗೆ ಹೋಯಿತು. ಹೊರಗೆ ಹಾಕಲು ಬಂದ ಸ್ವಯಂಸೇವಕನ ಅಂಗಿ ಹರಿದು ಕಳಿಸಿದರು. ಪೊಲೀಸರು ಲಾಠಿ ಬೀಸಿದರೆ ನಾಲ್ಕು ಹೆಜ್ಜೆ ಹಿಂದೆ, ಅವರು ತಿರುಗಿದರೆ ಆರು ಹೆಜ್ಜೆ ಮುಂದೆ.

ಮೊದಲ ಪಾಳಿಯಲ್ಲಿ ಲಾಲಸಾಬ ಕಾರನ್ನು ಹೊಡೆದ ರೀತಿ ನನ್ನ ಕಣ್ಣಿನಿಂದ ಹೋಗಿಲ್ಲ. ಬಾವುಟ ಬಿದ್ದದ್ದೇ ಹಿಂದಿನ ಗಾಲಿಗಳು ಡಾಂಬರನ್ನು ಕಚ್ಚಿ ಹೊಗೆ ಕಾರಿದವು. ಆ ಸದ್ದಿಗೆ ಎದೆಯೊಳಗಿನ ಎಲುಬು ನಡುಗಿತು. ಅಲ್ಲಿಯವರೆಗಿನ ಎಲ್ಲರಿಗಿಂತ ಕಡಿಮೆ ಸಮಯ ಎಂದು ಮೈಕಿನಲ್ಲಿ ಕೂಗಿದರು. ಕಾರು ತಿರುಗಿ ಬಂದು ನಿಂತಿತೋ ಇಲ್ಲವೋ, ಮಲ್ಲಪ್ಪನ ಮಂದಿ ಮುಗಿಬಿದ್ದು ಬುಟ್ಟಿಗಟ್ಟಲೆ ಗುಲಾಲು ಸುರಿದರು. ಬಂಡಿ ಓಟದಲ್ಲಿ ಅವರ ರೂಢಿ ಅದು. ಒಳ್ಳೆ ಓಟ ಓಡಿ ಬಂದ ಜೋಡಿಗೆ ಗುಲಾಲು ಹಚ್ಚದೆ ಮುಂದಿನ ಪಾಳಿಗೆ ಬಿಡುವುದಿಲ್ಲ. ಕ್ಷಣದಲ್ಲಿ ಬಿಳಿ ಕಾರು ಕೆಂಪಾಯಿತು. ಲಾಲಸಾಬ ಕಣ್ಣು ಉಜ್ಜಿಕೊಳ್ಳುತ್ತ ಕೆಮ್ಮುತ್ತಿದ್ದ. ಎಂಜಿನ್ ಇನ್ನೂ ಓಡುತ್ತಲೇ ಇತ್ತು, ಗಾಳಿ ಎಳೆಯುತ್ತಲೇ ಇತ್ತು.

ನಾನು ಓಡಿಹೋಗಿ ಸ್ವಿಚ್ ಆರಿಸಿದೆ. "ಲೇ ಮಲ್ಯಾ, ಎತ್ತ ಅಲ್ಲಲೇ ಇದು!"

"ಎತ್ತಾಗಿದ್ರ ಕೊಂಬಿಗಿ ಹಚ್ಚಿ ಬಿಡ್ತಿದ್ವಿ, ಮಾವಾ. ಇದಕ್ಕ ಕೊಂಬಿಲ್ಲ, ಅದಕ ಮೈತುಂಬ ಹಾಕೇವಿ!"

ಎಲ್ಲರೂ ನಕ್ಕರು. ಲಾಲಸಾಬನೂ ನಕ್ಕ. ನಾನು ಜಾಳಿಗೆ ತೆಗೆದು ನೋಡಿದೆ. ಕಾರ್ಬ್ಯುರೇಟರಿನ ಗಂಟಲು ಕೆಂಪಗಿತ್ತು. ಒಣ ಗುಲಾಲು ಹಿಟ್ಟು, ಸರಿ. ಪೆಟ್ರೋಲಿನ ಪಸೆ, ಎಣ್ಣೆಯ ಹನಿ ಕೂಡಿದರೆ ಅದು ಅಂಟು. ಬಿಚ್ಚಿ ತೊಳೆದು ಕೂರಿಸಲು ಇಪ್ಪತ್ತು ನಿಮಿಷ ಬೇಕು. ಅಷ್ಟರಲ್ಲಿ ಹುಬ್ಬಳ್ಳಿಯ ಒಂದು ಕಾರು ತನ್ನ ಎರಡನೇ ಪಾಳಿಯಲ್ಲಿ ನಮ್ಮನ್ನು ಕೂದಲೆಳೆಯಲ್ಲಿ ಹಿಂದೆ ಹಾಕಿತು. ಮುಂದಿನ ಹೆಸರು ನಮ್ಮದೇ.

ಗೆರೆಯ ಹತ್ತಿರ ಬಾವುಟ ಹಿಡಿದಿದ್ದ ಅಧಿಕಾರಿಯ ಬಳಿ ಹೋದೆ. "ಇಪ್ಪತ್ತ ನಿಮಿಷ ಕೊಡ್ರಿ."

"ಒಂದೂ ಇಲ್ಲ. ಕರದಾಗ ಬರಲಿಲ್ಲಂದ್ರ ಹೆಸರ ಹೊಡಿತೇನಿ."

"ಹದಿನೈದ?"

"ಏನ್ರಿ, ಬದನಿಕಾಯಿ ಕೊಳ್ಳಾಕ ಬಂದೀರೇನು?"

ನಾನು ಬಿಡಲಿಲ್ಲ. ಹಗ್ಗ ಗಟ್ಟಿಯಾಗಿ ಕಟ್ಟದ್ದು ನಿಮ್ಮ ತಪ್ಪು, ಜನ ಒಳಗೆ ನುಗ್ಗಿದ್ದು ನಿಮ್ಮ ತಪ್ಪು, ದೂರು ಬರೆದು ಕೊಡಲೇನು ಎಂದೆ. ಅವನು ಹಲ್ಲು ಕಡಿದು, "ಐದ. ಆರನೇ ನಿಮಿಷಕ್ಕ ನಿಮ್ಮ ಮಾರೀನೂ ನೋಡೂದಿಲ್ಲ," ಎಂದ.

ಗೆದ್ದೆ ಎಂದುಕೊಂಡು ಓಡಿಬಂದೆ. ಏನೂ ಇಲ್ಲದ ಕಡೆ ಐದು ನಿಮಿಷ ಹುಟ್ಟಿಸಿದ್ದೆನಲ್ಲ! ಆ ಐದರಲ್ಲಿ ಬಟ್ಟೆಯಿಂದ ಗಂಟಲು ಒರೆಸಿದೆ, ಪೆಟ್ರೋಲು ಚಿಮುಕಿಸಿದೆ, ಮುಚ್ಚಳವನ್ನು ಕೈಯಿಂದ ಹತ್ತಾರು ಸಲ ಆಡಿಸಿದೆ. ಪ್ರತಿ ಸಲವೂ ಸ್ಪ್ರಿಂಗ್ ಪಟ್ಟನೆ ಎಳೆದು ಮುಚ್ಚಿತು.

"ಲಾಲಸಾಬ, ಪೂರಾ ತೊಳದಿಲ್ಲ. ಬ್ಯಾಡಂದ್ರ ಬ್ಯಾಡ. ಎರಡನೇ ನಂಬರ್ ಕೈಯಾಗ ಐತಿ."

ಗೌಡರು ನಡುವೆ ಬಾಯಿ ಹಾಕಿದರು: "ಎರಡನೇದ ತಗೊಂಡ ಇಳಕಲ್ಲಾಗ ಯಾವ ಮಾರಿ ತೋರಿಸ್ಲಿ?"

ಲಾಲಸಾಬ ಹೆಲ್ಮೆಟ್ ಬಿಗಿದುಕೊಂಡ. "ಮುಚ್ಚಳಾ ಮುಚ್ಚಾಕತ್ತೈತಿಲ್ಲೋ? ಸಾಕು. ಹಚ್ಚ್ರಿ."

ಓಟದ ಕೊನೆಯ ಗೆರೆಯ ಆಚೆ ಬ್ರೇಕ್ ಹಾಕಲು ಜಾಗ ಬಿಟ್ಟಿದ್ದರು. ಅಲ್ಲಿ ಎಂಜಿನ್ ಸದ್ದು ಇಳಿಯಬೇಕು. ಇಳಿಯಲಿಲ್ಲ. ಗೆರೆ ದಾಟಿದ ಮೇಲೂ ಅದೇ ಚೀರಾಟ. ಒಳಗೆ ಉಳಿದಿದ್ದ ಗುಲಾಲು ಅಂಟಾಗಿ ಮುಚ್ಚಳವನ್ನು ತೆರೆದಲ್ಲೇ ಹಿಡಿದಿತ್ತು. ಕಾರು ಮೂತಿ ನೆಲಕ್ಕೆ ಕೊಟ್ಟಿತು, ಮುಂದಿನ ಗಾಲಿಗಳು ಕಚ್ಚಿ ನಿಂತವು, ಹಿಂದಿನವು ತಳ್ಳುತ್ತಲೇ ಇದ್ದವು. ನಂತರ ಸದ್ದು ತಟ್ಟನೆ ನಿಂತಿತು, ಲಾಲಸಾಬ ಸ್ವಿಚ್ ಆರಿಸಿದ್ದ. ಆದರೆ ಆಗಲೇ ಕಾರು ಅಡ್ಡ ತಿರುಗಿತ್ತು. ಉಸುಕಿನ ಚೀಲಗಳನ್ನು ಸೀಳಿಕೊಂಡು ಹೋಗಿ ದೀಪದ ಕಂಬದ ಕಾಂಕ್ರೀಟ್ ಬುಡಕ್ಕೆ ಮೂತಿ ಗುದ್ದಿತು. ಒಂದು ಗಾಲಿ ಕಿತ್ತು ಜನರ ತಲೆಯ ಮೇಲಿಂದ ಹಾರಿ ಖಾಲಿ ಪ್ಲಾಟಿನಲ್ಲಿ ಪುಟಿಯುತ್ತ ಹೋಯಿತು. ಯಾರ ಮೇಲೂ ಬೀಳಲಿಲ್ಲ ಎಂಬುದು ನನಗೆ ಇವತ್ತಿಗೂ ನಂಬಲಾಗದ ಸಂಗತಿ.

ಕೈಯಲ್ಲಿ ಗಾಲಿ ಬಿಚ್ಚುವ ವ್ಹೀಲ್ ಪಾನಾ ಹಿಡಿದೇ ಓಡಿದೆ. ಸಿಂಗಲ್ ಸೀಟರ್‌ನಲ್ಲಿ ಡ್ರೈವರ್ ಕೂರುವುದಿಲ್ಲ, ಕಾಲು ಮುಂದೆ ಚಾಚಿ ಹೆಚ್ಚುಕಡಿಮೆ ಮಲಗಿರುತ್ತಾನೆ. ಪಾದಗಳು ಮೂತಿಯೊಳಗೆ ಇರುತ್ತವೆ. ಆ ಮೂತಿಯೇ ಮುದ್ದೆಯಾಗಿತ್ತು. ಲಾಲಸಾಬನ ಬಲಪಾದ ಬ್ರೇಕ್ ಪೆಡಲ್ಲಿಗೂ ಬಾಗಿದ ಪೈಪಿಗೂ ನಡುವೆ ಅಡಕತ್ತರಿಗೆ ಸಿಕ್ಕ ಅಡಿಕೆಯಂತೆ ಸಿಕ್ಕಿತ್ತು. ಹಿಂದೆ ಪೆಟ್ರೋಲು ಪೈಪು ಹರಿದು ಕಾದ ಸೈಲೆನ್ಸರ್ ಪಕ್ಕದಲ್ಲೇ ಸುರಿಯುತ್ತಿತ್ತು.

"ಪೆಟ್ರೋಲ! ಎಳೀರಿ! ಸುಟ್ಟ ಹೋಗ್ತಾನ!"

ಮಲ್ಲಪ್ಪ ನನಗಿಂತ ಮೊದಲೇ ಅಲ್ಲಿದ್ದ. ಲಾಲಸಾಬನ ಕಂಕುಳಿಗೆ ಕೈ ಕೊಟ್ಟು, ಕಾರಿಗೆ ಕಾಲು ಒತ್ತಿ, ಗರಡಿಯ ಬಲವನ್ನೆಲ್ಲ ಹಾಕಿ ಎಳೆಯುತ್ತಿದ್ದ. ಅವನ ಸೊಂಟ ಹಿಡಿದು ಇನ್ನಿಬ್ಬರು. ಲಾಲಸಾಬ ಚೀರಿದ ಚೀರುವಿಕೆ ಮನುಷ್ಯರದಾಗಿರಲಿಲ್ಲ. ಬೂಟಿನ ಮೇಲೆ ರಕ್ತ ಉಕ್ಕುತ್ತಿತ್ತು, ಪಾದ ಅಲ್ಲಾಡುತ್ತಿರಲಿಲ್ಲ, ಕಾಲು ಮಾತ್ರ ಉದ್ದವಾಗುತ್ತಿತ್ತು.

"ಬಿಡಲೇ ಮಲ್ಯಾ! ಪಾದ ಸಿಕ್ಕೈತಿ!"

"ಸುಡ್ತಾನ ಮಾವಾ! ಜೀವ ಮೊದಲ!"

ಅವನು ಹೇಳಿದ್ದು ಸುಳ್ಳಲ್ಲ. ಬೆಂಕಿ ಹತ್ತಿದ್ದರೆ ಅವನೇ ಸರಿ, ನಾನು ಕೊಲೆಗಾರ. ಆದರೆ ಆ ಮೂತಿಯನ್ನು ವೆಲ್ಡ್ ಮಾಡಿದವನು ನಾನು. ಪೆಡಲ್ ಒಂದೇ ಬೋಲ್ಟಿನ ಮೇಲೆ ನಿಂತಿದೆ, ಅದು ಕಳಚಿದರೆ ಪಾದ ಬಿಡುತ್ತದೆ ಎಂದು ಗೊತ್ತಿತ್ತು. ಇನ್ನೊಂದು ಎಳೆತಕ್ಕೆ ಪಾದ ಕಾರಿನಲ್ಲೇ ಉಳಿಯುತ್ತದೆ ಎಂದೂ ಗೊತ್ತಿತ್ತು. ಮಾತಿಗೆ ಹೊತ್ತಿರಲಿಲ್ಲ. ಪಾನಾ ಎತ್ತಿ ಮಲ್ಲಪ್ಪನ ಮುಂಗೈಗೆ ಹೊಡೆದೆ. ಹಸಿ ಕಟ್ಟಿಗೆ ಮುರಿದ ಸದ್ದು. ಅವನು ಕುಸಿದ. ಹಿಂದಿದ್ದವನ ಮೊಣಕಾಲಿಗೆ ಇನ್ನೊಂದು ಕೊಟ್ಟೆ.

"ಹುಚ್ಚ ಹಿಡದೈತಿ ಈರ್ಯಾಗ! ಹೊಡೀರಲೇ ಅವನ್ನ!"

ಜನ ನನ್ನ ಮೇಲೆ ಬಿದ್ದರು. ಬೆನ್ನಿಗೆ ಒದ್ದರು, ತಲೆಗೆ ಕಲ್ಲು ಬಿತ್ತು. ನಾನು ಕಾರಿನ ಮೂತಿಯೊಳಗೆ ತಲೆ, ಕೈ ತೂರಿಸಿ ಬೋಲ್ಟಿಗೆ ಜೇಬಿನಲ್ಲಿದ್ದ ಸಣ್ಣ ಸ್ಪ್ಯಾನರ್ ಕೊಟ್ಟಿದ್ದೆ. ಹಣೆಯ ರಕ್ತ ಕಣ್ಣಿಗಿಳಿದು ಏನೂ ಕಾಣುತ್ತಿರಲಿಲ್ಲ, ಬೆರಳಿನಿಂದ ತಡವಿಕೊಂಡೇ ತಿರುವಿದೆ. ಒದೆ ಬಿದ್ದಂತೆಲ್ಲ ಸ್ಪ್ಯಾನರ್ ಜಾರುತ್ತಿತ್ತು. ಆಗ ಶೇಖರಗೌಡರು ತಮ್ಮ ಭಾರೀ ದೇಹವನ್ನು ನನ್ನ ಬೆನ್ನಿನ ಮೇಲೆ ಅಡ್ಡ ಹಾಕಿ ಗರ್ಜಿಸಿದರು: "ಒದಿಯೂದಿದ್ರ ನನಗ ಒದೀರಿ! ಉಸಕ ತರ್ರಿ, ಎಂಜಿನ್ ಮ್ಯಾಲ ಉಸಕ ಹಾಕ್ರಿ!" ಒಡೆದ ಚೀಲಗಳ ಉಸುಕು ಅಲ್ಲೇ ಇತ್ತು. ಬೊಗಸೆಯಲ್ಲಿ, ಟವಲಿನಲ್ಲಿ ತಂದು ಸುರಿದರು. ಬೆಂಕಿ ಹತ್ತಲಿಲ್ಲ. ಬೋಲ್ಟು ಕಳಚಿತು. ಪೆಡಲ್ ಸಡಿಲಾಯಿತು. ಲಾಲಸಾಬನನ್ನು ನಾವು ಎಳೆಯಲಿಲ್ಲ, ಎತ್ತಿದೆವು.

ಬಾಗಲಕೋಟೆಯ ದವಾಖಾನೆಯಲ್ಲಿ ಇಬ್ಬರಿಗೂ ಒಂದೇ ವಾರ್ಡು: ಲಾಲಸಾಬನ ಕಾಲಿಗೆ ಆಪರೇಷನ್, ಮಲ್ಲಪ್ಪನ ಕೈಗೆ ಪ್ಲಾಸ್ಟರ್. ರಾತ್ರಿ ನನ್ನ ತಲೆಯ ಹೊಲಿಗೆಗೆ ಪಟ್ಟಿ ಬದಲಿಸುತ್ತಿದ್ದಾಗ ಪಕ್ಕದ ಮಂಚಗಳಿಂದ ಮಾತು ಕೇಳಿಸುತ್ತಿತ್ತು.

"ಮಲ್ಲಪ್ಪ, ನಿನ್ನ ಗುಲಾಲ ಭಾಳ ಶಕ್ತಿವಂತ ಐತಿ ನೋಡಪಾ. ಕಾರ ನಿಲ್ಲವಲ್ದು."

"ಸಾಕ ಬಿಡೋ ಮಾರಾಯಾ. ಮನ್ಯಾಗ ಅಕ್ಕ ಕೇಳಿದ್ರ ಏನ ಹೇಳ್ಲಿ? ನಿನ್ನ ಗಂಡನೇ ಕೈ ಮುರದಾನ ಅಂದ್ರ ನಂಬಬೇಕಲ್ಲ."

ಮರುದಿನ ಡಾಕ್ಟರ್ ನನ್ನನ್ನು ಹೊರಗೆ ಕರೆದರು. "ಪಾದ ಉಳೀತು. ಇನ್ನೊಂದ ಸಲ ಜಗ್ಗಿದ್ರ ರಕ್ತನಾಳ ಹರೀತಿತ್ತು. ಆರು ತಿಂಗಳು ಆ ಕಾಲು ನೆಲಕ್ಕೆ ಊರುವ ಹಾಗಿಲ್ಲ."

ಆರು ತಿಂಗಳು. ಟ್ಯಾಂಕರ್ ಮಾಲೀಕ ಕಾಯುತ್ತಾನೋ, ಮೂರು ಮಕ್ಕಳ ಮನೆ ಹೇಗೆ ನಡೆಯುತ್ತದೋ ಎಂಬುದೆಲ್ಲ ಒಮ್ಮೆಲೇ ತಲೆಗೆ ಬಂತು. ಬಾಯಿ ತನ್ನಷ್ಟಕ್ಕೆ ತೆರೆಯಿತು: "ಡಾಕ್ಟರ್, ನಾಲ್ಕ..." ಎಂದೆ. ಅಷ್ಟಕ್ಕೇ ನಿಲ್ಲಿಸಿದೆ.

"ಏನು?"

"ಏನಿಲ್ರಿ. ಆರಂದ್ರ ಆರು."

ಆ ಆರು ತಿಂಗಳು ಲಾಲಸಾಬ ನನ್ನ ವರ್ಕ್‌ಶಾಪಿನಲ್ಲಿ ಕಾಲು ಸ್ಟೂಲಿನ ಮೇಲಿಟ್ಟುಕೊಂಡು ಕಾರ್ಬ್ಯುರೇಟರ್ ತೊಳೆದ. ಏಳನೆಯ ತಿಂಗಳು ಟ್ಯಾಂಕರ್ ಹತ್ತಿದ. ಪಾದ ಪೂರ್ತಿ ಮಡಚುವುದಿಲ್ಲ, ಆದರೆ ಒತ್ತುತ್ತದೆ.

ಉದ್ಯೋಗ ಮಾಡುವವರಿಗೆ ನನ್ನ ಮಾತು ಇಷ್ಟೇ. ದರಕ್ಕೆ ಚೌಕಾಸಿ ಮಾಡಿ, ಸಾಮಾನಿಗೆ ಮಾಡಿ, ನಾಚಬೇಡಿ. ಕೆಲಸಕ್ಕೆ ಬೇಕಾದ ಹೊತ್ತಿಗೆ ಮಾತ್ರ ಮಾಡಬೇಡಿ. ಅಂದು ಐದು ನಿಮಿಷಕ್ಕೆ ಒಪ್ಪಿದವನು ಬಾವುಟದವನು, ಕಾರ್ಬ್ಯುರೇಟರ್ ಒಪ್ಪಿರಲಿಲ್ಲ. ಅದಕ್ಕೆ ಇಪ್ಪತ್ತು ಬೇಕಿತ್ತು. ಇಪ್ಪತ್ತು ಸಿಗದಿದ್ದರೆ ಕಾರನ್ನು ಲಾರಿಗೆ ಏರಿಸಿ ಊರಿಗೆ ಹೋಗಬೇಕು, ಮಾಲೀಕ ಎಷ್ಟೇ ದೊಡ್ಡ ಗೌಡನಾಗಿರಲಿ.