ತಂಗಿಯ ಬೆನ್ನಿನ ಸುಳಿ

ನಮ್ಮ ಹಿತ್ತಲಿನ ಬೇಲಿಯ ಮೇಲೆ ದಿನಾ ಬೆಳಿಗ್ಗೆ ಒಂದು ಕೌದಿ ಒಣಗುತ್ತಿತ್ತು. ಅದು ನನ್ನ ತಂಗಿಯದು. ಆಗ ಅವಳಿಗೆ ಒಂಬತ್ತು ವರ್ಷ, ನನಗೆ ಹದಿಮೂರು. ನಿಜಾಮರ ಕಾಲ, ನಮ್ಮೂರಾದ ಈಗಿನ ಬಸವಕಲ್ಯಾಣಕ್ಕೆ ಆಗ ಕಲ್ಯಾಣಿ ಎನ್ನುತ್ತಿದ್ದರು. ಇಷ್ಟು ದೊಡ್ಡ ಹುಡುಗಿ ಹಾಸಿಗೆ ಒದ್ದೆ ಮಾಡುತ್ತಾಳೆಂಬುದು ಓಣಿಗೆಲ್ಲ ಗೊತ್ತಿತ್ತು.

ಅವ್ವ ಬೈದಳು, ಹೊಡೆದಳು. ಹೊತ್ತು ಮುಳುಗಿದ ಮೇಲೆ ನೀರು ಕೊಡುವುದನ್ನು ಬಿಟ್ಟಳು. ಯಾರೋ ಹೇಳಿದರೆಂದು ಎಳ್ಳು ಬೆಲ್ಲದ ಉಂಡೆ ತಿನ್ನಿಸಿದಳು. ಉಂಡೆ ತಿಂದದ್ದಷ್ಟೇ ಬಂತು. "ಸೋಮಾರಿ ಅದಾಳ, ಏಳಾಕ ಬ್ಯಾಸರ" ಎನ್ನುತ್ತಿದ್ದಳು. ನನ್ನ ತಂಗಿ ಸೋಮಾರಿಯಾಗಿರಲಿಲ್ಲ. ಹಗಲು ಆಡುವಾಗಲೂ ಲಂಗ ಒದ್ದೆಯಾಗುತ್ತಿತ್ತು, ಅವಳಿಗೇ ತಿಳಿಯುತ್ತಿರಲಿಲ್ಲ. ಆ ವರ್ಷ ಎಡಗಾಲು ಎಳೆದು ಹಾಕಿ ನಡೆಯತೊಡಗಿದಳು. ಅಪ್ಪ ಹೆದರಿ, ಹುಮನಾಬಾದದ ಡಾಕ್ಟರಿಗೆ ತೋರಿಸೋಣವೆಂದರು.

ತಂಗಿಯ ಸೊಂಟದ ಕೆಳಗೆ, ಬೆನ್ನು ಮುಗಿಯುವಲ್ಲಿ, ಹುಟ್ಟಿದಾಗಿನಿಂದ ಕೂದಲಿನ ಒಂದು ಸುಳಿಯಿತ್ತು. ಕಪ್ಪಗೆ, ಮೆತ್ತಗೆ, ಆಡಿನ ಮರಿಯ ಬಾಲದಷ್ಟು. ನಮ್ಮಲ್ಲಿ ಎತ್ತು ಕೊಳ್ಳುವವರು ಮೈ ಸವರಿ ಸುಳಿ ನೋಡುತ್ತಾರೆ. ಕೆಟ್ಟ ಜಾಗದಲ್ಲಿದ್ದರೆ ಬಿಟ್ಟು ಹೋಗುತ್ತಾರೆ. ಸೊಸೆ ತರುವವರ ಕಣ್ಣೂ ಹಾಗೆಯೇ. ಬೆನ್ನಲ್ಲಿ ಸುಳಿಯಿದ್ದವಳು ಗಂಡನನ್ನು ನುಂಗುತ್ತಾಳೆ ಎಂದು ನಂಬಿದ್ದರು. ಅವ್ವನನ್ನೂ ನನ್ನನ್ನೂ ಬಿಟ್ಟರೆ ಆ ಸುಳಿಯ ವಿಷಯ ಯಾರಿಗೂ, ಅಪ್ಪನಿಗೂ ಗೊತ್ತಿರಲಿಲ್ಲ. ತಂಗಿಗೆ ಮೈ ತೊಳೆಯುವಾಗ ಅವ್ವ ಬಚ್ಚಲ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಹೊರಡುವ ದಿನ ಮುಂಜಾನೆ ಅವ್ವ ನನ್ನ ಕೈಗೆ ಕತ್ತರಿ ಕೊಟ್ಟಳು.

"ಅದನ್ನ ಪೂರಾ ಕತ್ತರಸು. ಡಾಕ್ಟರ ಎಲ್ಲ್ಯಾರ ನೋಡ್ಯಾನು."

ತಂಗಿ ಕಚಗುಳಿಗೆ ನಕ್ಕಳು. "ಅಕ್ಕಾ, ಸಾವಕಾಶ ಮಾಡ" ಅಂದಳು. ಕತ್ತರಿಸಿದ ಕೂದಲನ್ನು ನಾನೇ ಒಲೆಗೆ ಹಾಕಿದೆ.

ಡಾಕ್ಟರು ಒಳ್ಳೆಯವರು. ಹೊಟ್ಟೆ ಒತ್ತಿ ನೋಡಿದರು, ಕಾಲು ಮಡಚಿ ನೋಡಿದರು. ಮಲ ಕಟ್ಟುತ್ತದೆಯೇ, ಹುಳುವಿನ ತುರಿಕೆ ಇದೆಯೇ, ಉಚ್ಚೆ ಹೊಯ್ಯುವಾಗ ಉರಿಯುತ್ತದೆಯೇ, ಬಾಯಾರಿಕೆ ಬಹಳವೇ, ಕೌದಿಗೆ ಇರುವೆ ಮುತ್ತುತ್ತವೆಯೇ ಎಂದೆಲ್ಲ ಕೇಳಿದರು. ಹಾಸಿಗೆ ಒದ್ದೆಯಾಗಲು ಮೈಯೊಳಗೆ ಇಷ್ಟೆಲ್ಲ ಕಾರಣಗಳಿರಬಹುದೆಂದು ನನಗೆ ಅಂದೇ ತಿಳಿದದ್ದು. ನಾವು ಕಂಡುಹಿಡಿದಿದ್ದ ಕಾರಣ ಒಂದೇ, ಸೋಮಾರಿತನ. ಕೊನೆಗೆ ಅವರು ಅವ್ವನ ಕಡೆ ತಿರುಗಿದರು.

"ತಾಯಿ, ನಡದ ಕೆಳಗ ಕುಣಿ, ಗಂಟು, ಕೂದಲು, ಏನಾರ ಅದಾ?"

"ಏನಿಲ್ರಿ."

"ಹುಟ್ಟಿದಾಗಿಂದ ಏನೂ ಇಲ್ಲಾ?"

"ಇಲ್ರಿ ಸಾಹೇಬ್ರ. ಬೆಣ್ಣಿ ಹಂಗ ಅದಾ ಬೆನ್ನು."

ಹೆಣ್ಣುಮಗಳ ಲಂಗ ಸರಿಸಿ ನೋಡಲು ಅವರು ಸಂಕೋಚಪಟ್ಟರು, ತಾಯಿಯ ಮಾತನ್ನು ನಂಬಿದರು.

"ಹಂಗಾದ್ರ ಛಲೋ. ಇದ್ದಿದ್ರ, ಅಲ್ಲಿ ಎಲುಬು ಒಳಗ ಸರಿ ಕೂಡಿಲ್ಲ ಅಂತ ಅನುಮಾನ ಬರತಿತ್ತು. ಉಚ್ಚಿ ಹಿಡಿಯೋ ನರ, ಕಾಲಿನ ನರ, ಎಲ್ಲಾ ಅಲ್ಲಿಂದನೇ ಬರತಾವ. ಹೈದರಾಬಾದಿನ ದೊಡ್ಡ ದವಾಖಾನಿಗಿ ಚೀಟಿ ಬರಕೊಡತಿದ್ದೆ."

ಅವ್ವ ನನ್ನತ್ತ ನೋಡಿದಳು. ಒಂದು ಮಾತು ಅವಳಾದರೂ ಆಡಬಹುದಿತ್ತು, ನಾನಾದರೂ ಆಡಬಹುದಿತ್ತು. ಬಾಗಿಲಲ್ಲಿ ಅಪ್ಪ ಕೂತಿದ್ದರು. ನಾನು ನೆಲ ನೋಡಿದೆ. ಅವ್ವನ ಮೇಲೆ ನನಗೆ ಇಂದಿಗೂ ಸಿಟ್ಟಿದೆ, ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಡಾಕ್ಟರು ಜಂತುಹುಳುವಿನ ಔಷಧ ಕೊಟ್ಟು ಕಳಿಸಿದರು. ದಾರಿಯ ಮಾಣಿಕನಗರದ ಗುಡಿಯ ಮುಂದೆ ಬಂಡಿ ನಿಲ್ಲಿಸಿ ಅವ್ವ ಹರಕೆ ಹೊತ್ತಳು. ದೇವರಿಗಾದರೂ ನಿಜ ಹೇಳಿದಳೋ ಇಲ್ಲವೋ.

ಕೂದಲು ಮತ್ತೆ ಬೆಳೆಯಿತು, ನಾನು ಮತ್ತೆ ಕತ್ತರಿಸಿದೆ. ನಾನು ಮದುವೆಯಾಗಿ ಹೋಗುವವರೆಗೂ ಅದು ನನ್ನದೇ ಕೆಲಸವಾಗಿತ್ತು. ತಂಗಿಯನ್ನು ನೋಡಲು ಮಾತ್ರ ಯಾರೂ ಬರಲಿಲ್ಲ. ಕಾಲು ಎಳೆಯುವ, ಉಚ್ಚೆಯ ವಾಸನೆಯ ಹುಡುಗಿಯನ್ನು ಯಾರು ಕೇಳುತ್ತಾರೆ? ಯಾವ ಮದುವೆಗಾಗಿ ಸುಳ್ಳು ಹೇಳಿದ್ದೆವೋ ಆ ಮದುವೆಯ ಮಾತೇ ಏಳಲಿಲ್ಲ. ಹದಿನೈದನೆಯ ವರ್ಷದಲ್ಲಿ ಮುಖ, ಪಾದ ಬಾತುಕೊಂಡವು. ಜ್ವರ ಬಿಡಲಿಲ್ಲ. ಉಚ್ಚೆ ಕಟ್ಟಿ ಸತ್ತಳು.

ಸುದ್ದಿ ತಿಳಿದು ನಾನು ಬಂದಾಗ ಓಣಿಯ ಹೆಂಗಸರು ಅವಳಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ಮಗ್ಗುಲಿಗೆ ಹೊರಳಿಸಿದಾಗ ಸುಳಿ ಕಂಡಿತು. ಕತ್ತರಿಸುವವರಿಲ್ಲದೆ ಗೇಣುದ್ದ ಬೆಳೆದಿತ್ತು. ಹೆಂಗಸರ ಕೈಗಳು ನಿಂತವು. ಅಷ್ಟು ಹೊತ್ತು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ ಅವ್ವ ಎದ್ದು ಬಂದು, ತನ್ನ ಸೆರಗನ್ನು ಅದರ ಮೇಲೆ ಎಳೆದಳು.

"ಏನಿಲ್ರವ್ವಾ, ನೀರ ಹಾಕ್ರಿ" ಅಂದಳು.