ಉರುಳೆಯ ಕೆಳಗೆ ನಿಲ್ಲದ ಭಾವ

ಕಾಗದದ ಕಾರ್ಖಾನೆಯ ಫಿಟ್ಟರ್ ಮೇಸ್ತ್ರಿಗೆ ‘ಸುತ್ತಿಗೆ’ ಎಂದು ಅಡ್ಡಹೆಸರು ಬಿದ್ದಿತ್ತು. ಆಡಿಕೊಳ್ಳಲು ಇಟ್ಟ ಹೆಸರನ್ನು ಅವನು ಬಿರುದು ಎಂದುಕೊಂಡಿದ್ದ. ತನ್ನ ಏಟಿಗೆ ಬಗ್ಗದ ಕಬ್ಬಿಣವಿಲ್ಲ ಎಂಬುದು ಅವನ ಹೆಮ್ಮೆ. ಅವನು ಬಗ್ಗಿಸಿದ್ದನ್ನು ನೆಟ್ಟಗೆ ಮಾಡುವುದು ಉಳಿದವರ ಕರ್ಮ. ಹೊಸ ಯಂತ್ರದ ಜೊತೆ ಬಂದ ಕೈಪಿಡಿಯನ್ನು ಟೀ ಲೋಟದ ಅಡಿಗೆ ಹಾಸುತ್ತಿದ್ದ. ಮನೆಗೆ ನೆಂಟರು ಬಂದರೆ ಊಟ ಆರಿ ತಣ್ಣಗಾಗುವವರೆಗೂ ಕ್ಲಚ್ಚು, ಬ್ರೇಕುಗಳ ಪುರಾಣ ಬಿಚ್ಚುತ್ತಿದ್ದ. ಅಡುಗೆಮನೆಯ ಕುಕ್ಕರಿನ ಹಿಡಿ ಮಾತ್ರ ಮದುವೆಯಾದ ಹೊಸತರಿಂದಲೂ ಅಲ್ಲಾಡುತ್ತಲೇ ಇತ್ತು.

ಅವನ ಹೆಂಡತಿಯ ತಂಗಿ ಅದೇ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದಳು. ಚಾವಣಿಗೆ ಅಂಟಿಕೊಂಡಂತಿದ್ದ ಕ್ಯಾಬಿನ್ನಿನಲ್ಲಿ ಕೂತು, ಎಮ್ಮೆಗಾತ್ರದ ಕಾಗದದ ಉರುಳೆಗಳನ್ನು ಎತ್ತಿ ಲಾರಿಗೆ ಇಳಿಸುವುದು ಅವಳ ಕೆಲಸ. ಒಂದು ಬೆಳಿಗ್ಗೆ, ನಿಲ್ಲಿಸಿದ ಮೇಲೂ ಉರುಳೆ ತುಸು ತುಸುವೇ ಜಾರುವುದನ್ನು ಕಂಡು ಅವಳು ಅದನ್ನು ನೆಲಕ್ಕಿಳಿಸಿ, ಬ್ರೇಕ್ ಬದಲಿಸುವವರೆಗೆ ಕ್ರೇನ್ ಮುಟ್ಟುವುದಿಲ್ಲ ಎಂದಳು. ಬದಲಿಸಲು ಭಾವನೇ ಮೇಲೆ ಹತ್ತಿದ.

ಮೇನ್ ಸ್ವಿಚ್ ಆರಿಸಿದನೇ ಹೊರತು, ಕೆಲಸದ ನಡುವೆ ಯಾರೂ ಅದನ್ನು ಒತ್ತದಂತೆ ಬೀಗ ಹಾಕಲಿಲ್ಲ. ಬೀಗವೆಲ್ಲ ಪುಕ್ಕಲರಿಗಂತೆ. ನಾದಿನಿಯೇ ಬೀಗ ಜಡಿದು ಕೀಲಿಯನ್ನು ಜೇಬಿಗಿಳಿಸಿದಳು. ಬ್ರೇಕಿನ ಡ್ರಮ್ಮನ್ನು ಬಿಸಿಮಾಡಿ ಮೆಲ್ಲಗೆ ಶಾಫ್ಟಿಗೆ ಏರಿಸಬೇಕಿತ್ತು. ಅವನು ಬಡಿದು ಬಡಿದು ಕೂರಿಸಿದ. ಡ್ರಮ್ಮನ್ನು ಅಪ್ಪಿ ಹಿಡಿಯಬೇಕಾದ ಲೈನಿಂಗನ್ನು ಗ್ರೀಸು ಮೆತ್ತಿದ ಕೈಯಲ್ಲೇ ಜೋಡಿಸಿದ. ನಡುವಿನ ಸಂದನ್ನು ಅಳೆಯುವ ತೆಳು ಪಟ್ಟಿಗಳು ಪೆಟ್ಟಿಗೆಯಲ್ಲಿ ತುಕ್ಕು ಹಿಡಿದು ಮಲಗಿದ್ದವು. ಲೈನಿಂಗ್ ಒರೆಸಿ ಎಂದು ನಾದಿನಿ ಹೇಳಿದಾಗ, ಹೆಂಗಸರಿಗೆ ಎಲ್ಲಿ ಹೋದರೂ ಒರೆಸುವುದೇ ಚಿಂತೆ ಎಂದು ನಕ್ಕ. ಕೆಳಗಿದ್ದ ಮ್ಯಾನೇಜರೂ ನಕ್ಕ. ಅವನಿಗೆ ಲಾರಿ ಹೊರಡಿಸುವ ಅವಸರ. ನಗಬೇಕಾದ್ದು ಯಾವುದಕ್ಕೆ ಎಂಬ ಗೊಡವೆ ಇರಲಿಲ್ಲ.

ಕೆಲಸ ಮುಗಿದದ್ದೇ ತಡ, ದೊಡ್ಡ ಉರುಳೆಯನ್ನೇ ಎತ್ತು ಎಂದ ಮ್ಯಾನೇಜರ್. ಮೊದಲು ಬರಿ ಕೊಕ್ಕೆ, ಆಮೇಲೆ ಹಗುರದ್ದು ಎತ್ತಿ ನೋಡೋಣ ಎಂದು ಅವಳು ಎಷ್ಟು ಹೇಳಿದರೂ ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

“ಸರಿ ಭಾವ, ಎತ್ತುತ್ತೀನಿ. ನೀವು ಬಂದು ಉರುಳೆ ಕೆಳಗೆ ನಿಂತ್ಕೊಳ್ಳಿ,” ಎಂದಳು.

ಎಲ್ಲರ ಕಣ್ಣೂ ಮೇಸ್ತ್ರಿಯ ಮೇಲೆ. ಅವನು ಒಮ್ಮೆ ಬ್ರೇಕನ್ನು ನೋಡಿದ, ಒಮ್ಮೆ ಕೊಕ್ಕೆಯನ್ನು ನೋಡಿದ.

“ನಂಗೆ ಸ್ಟೋರಲ್ಲಿ ಸ್ವಲ್ಪ ಕೆಲಸ ಇದೆ.”

“ಸ್ಟೋರೇನು ಓಡಿಹೋಗಲ್ಲ.”

ಓಡಿಹೋದದ್ದು ಅವನೇ. ಅವಳು ಎಲ್ಲರನ್ನೂ ದೂರ ಸರಿಸಿ, ಉರುಳೆಯನ್ನು ಮೊಣಕಾಲೆತ್ತರಕ್ಕೆ ಮಾತ್ರ ಎತ್ತಿ ನಿಲ್ಲಿಸಿದಳು. ಅದು ನಿಲ್ಲಲಿಲ್ಲ, ಸರ್ರನೆ ಜಾರಿ ಧೊಪ್ಪೆಂದು ನೆಲಕ್ಕೆ ಕುಕ್ಕರಿಸಿತು. ಕಾಂಕ್ರೀಟು ಬಿರಿಯಿತು. ಯಾರಿಗೂ ಏನೂ ಆಗಲಿಲ್ಲ.

ಲೈನಿಂಗೇ ಕಳಪೆ ಎಂದು ಮೇಸ್ತ್ರಿ ಷರಾ ಬರೆದ. ಅವಸರ ಮಾಡಿದ್ದು ತಾನೇ ಆದ್ದರಿಂದ ಮ್ಯಾನೇಜರ್ ಜಾಣತನದಿಂದ ತಲೆಯಾಡಿಸಿದ. ಬೇರೆ ಫಿಟ್ಟರುಗಳು ಎಲ್ಲ ಬಿಚ್ಚಿ, ಒರೆಸಿ, ಅಳೆದು ಮತ್ತೆ ಕೂರಿಸಿದರು. ಅವಳು ಬರಿ ಕೊಕ್ಕೆಯಿಂದ ಶುರುಮಾಡಿ ಪರೀಕ್ಷಿಸಿದಳು. ಬ್ರೇಕು ಕಚ್ಚಿ ಹಿಡಿಯಿತು.

ಮೇಸ್ತ್ರಿಯನ್ನು ಸದ್ದಿಲ್ಲದೆ ಸ್ಟೋರಿಗೆ ಹಾಕಿದರು. ಅದು ಬಡ್ತಿ ಎಂದು ಅವನು ನೆಂಟರಿಗೆ ಹೇಳಿದ. ಹೆಂಡತಿ ಸಾರು ಬಡಿಸುತ್ತಿದ್ದವಳು ಸೌಟು ತಡೆದು, “ಅಲ್ಲಾ, ಅಷ್ಟು ಚೆನ್ನಾಗಿ ಕೂರಿಸಿದೋರು ಅವತ್ತು ಕೆಳಗೆ ಯಾಕೆ ನಿಲ್ಲಲಿಲ್ಲ?” ಎಂದು ಕೇಳಿದಳು. ಆಮೇಲಿಂದ ನಾದಿನಿ ಮನೆಗೆ ಬಂದ ದಿನ ಅವನಿಗೆ ಹಸಿವೇ ಇರುವುದಿಲ್ಲ.